ಕಡಿಮೆ ಸೋಲುವ ವಿದ್ಯೆ

ನಮ್ಮ ಮನೆಯಲ್ಲಿ ಇಸ್ಪೀಟು ಎಲೆಗಳಿಗೆ ಪ್ರವೇಶವಿರಲಿಲ್ಲ. ದೀಪಾವಳಿಯ ರಾತ್ರಿ ಓಣಿಯ ಎಲ್ಲ ಕಟ್ಟೆಗಳ ಮೇಲೂ ಆಟ ನಡೆಯುತ್ತಿದ್ದಾಗ ನಮ್ಮನ್ನು ಒಳಗೆ ಕರೆದು ಕದ ಹಾಕುತ್ತಿದ್ದರು. ಕಾರಣ ನನ್ನ ಸೋದರಮಾವ. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಅವನ ಪಾಲಿಗೆ ಬಂದಿದ್ದ ಆರು ಎಕರೆ ಎರೆಹೊಲದಲ್ಲಿ ನಾಲ್ಕು ಎಕರೆ ಅಂದರ್-ಬಾಹರ್‌ನಲ್ಲಿ ಹೋಯಿತು. ಉಳಿದ ಎರಡು ಎಕರೆ ಅತ್ತೆಯ ಹೆಸರಿನಲ್ಲಿದ್ದದ್ದರಿಂದ ಉಳಿಯಿತು.

ಹೀಗೆ ಬೆಳೆದ ನಾನು ಮೂವತ್ತೆಂಟನೇ ವಯಸ್ಸಿನಲ್ಲಿ, ಪುಣೆಯ ಫ್ಲಾಟಿನಲ್ಲಿ, ಮಗಳು ಮಲಗಿದ ಮೇಲೆ ಬ್ಲ್ಯಾಕ್‌ಜ್ಯಾಕ್ ಕಲಿಯಲು ಕೂತೆ. ನಮ್ಮ ಟೀಮಿನವರು 2024ರ ಆರಂಭದಲ್ಲಿ ಗೋವಾಕ್ಕೆ ಹೋಗುವುದೆಂದು ನಿಗದಿಯಾಗಿತ್ತು. ಒಂದು ಸಂಜೆ ಮಾಂಡೋವಿ ನದಿಯ ಮೇಲಿನ ಹಡಗು ಕ್ಯಾಸಿನೊದಲ್ಲಿ. ಬರುವುದಿಲ್ಲ ಎನ್ನಲು ಸಂಕೋಚ, ಏನೂ ತಿಳಿಯದೆ ಕೂರಲು ಭಯ. ಡೇಟಾ ಕೆಲಸ ಮಾಡುವವನಿಗೆ ಇನ್ನೊಂದು ಚಪಲವೂ ಇತ್ತು. ಕ್ಯಾಸಿನೊದ ಬಹುತೇಕ ಆಟಗಳಲ್ಲಿ ನಾವು ದುಡ್ಡು ಇಟ್ಟು ಬಾಯಿ ತೆರೆದು ನೋಡಬೇಕಷ್ಟೆ. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಪ್ರತಿ ಸಲ ನಾವೇ ಒಂದು ತೀರ್ಮಾನ ಮಾಡಬೇಕು, ಆ ತೀರ್ಮಾನಕ್ಕೆ ಸರಿ-ತಪ್ಪು ಎಂಬುದಿದೆ.

ನಿಯಮ ಕಷ್ಟದ್ದಲ್ಲ. ಎದುರಾಳಿ ಡೀಲರ್ ಒಬ್ಬನೇ. ಪಕ್ಕದಲ್ಲಿ ಕೂತವರ ಜೊತೆ ನಮಗೆ ಪೈಪೋಟಿಯಿಲ್ಲ. ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಅಷ್ಟಷ್ಟೇ ಬೆಲೆ. ರಾಜ, ರಾಣಿ, ಗುಲಾಮ ಮೂರಕ್ಕೂ ಹತ್ತು. ಎಕ್ಕಕ್ಕೆ ಒಂದು ಅಥವಾ ಹನ್ನೊಂದು, ಯಾವುದು ಅನುಕೂಲವೋ ಅದು. ನಮಗೆ ಎರಡು ಎಲೆ, ಡೀಲರ್‌ನದರಲ್ಲಿ ಒಂದು ಮಾತ್ರ ಕಾಣುತ್ತದೆ. 21 ದಾಟದಂತೆ ಅದರ ಹತ್ತಿರ ಹೋಗಬೇಕು. ಇನ್ನೊಂದು ಎಲೆ ಬೇಕಾದರೆ ಹಿಟ್, ಸಾಕಾದರೆ ಸ್ಟ್ಯಾಂಡ್. ಪಣ ದುಪ್ಪಟ್ಟು ಮಾಡಿ ಒಂದೇ ಒಂದು ಎಲೆ ಪಡೆಯುವುದು ಡಬಲ್. ಜೋಡಿ ಬಂದರೆ ಇನ್ನೊಂದು ಪಣ ಇಟ್ಟು ಎರಡು ಕೈ ಮಾಡಿಕೊಳ್ಳುವುದು ಸ್ಪ್ಲಿಟ್. 21 ದಾಟಿದರೆ ಬಸ್ಟ್. ಎಕ್ಕ ಮತ್ತು ಹತ್ತರ ಬೆಲೆಯ ಎಲೆ ಒಟ್ಟಿಗೆ ಬಂದರೆ ಅದೇ ಬ್ಲ್ಯಾಕ್‌ಜ್ಯಾಕ್. ಸಾವಿರಕ್ಕೆ ಸಾವಿರದ ಐನೂರು ಸಿಗಬೇಕು. ಕೆಲವು ಮೇಜುಗಳಲ್ಲಿ ಇದನ್ನು ಮೆಲ್ಲಗೆ ಸಾವಿರದ ಇನ್ನೂರಕ್ಕೆ ಇಳಿಸಿರುತ್ತಾರೆ. ಬ್ಲ್ಯಾಕ್‌ಜ್ಯಾಕ್ ಬರುವುದು ಸರಾಸರಿ 21 ಕೈಗೊಮ್ಮೆಯಾದ್ದರಿಂದ ಆ ಮುನ್ನೂರು ರೂಪಾಯಿ ಸಣ್ಣದಲ್ಲ. ಮೇಜಿನ ಬಟ್ಟೆಯ ಮೇಲೆ 3:2 ಎಂದಿದೆಯೋ 6:5 ಎಂದಿದೆಯೋ ಓದಿಯೇ ಕೂರಬೇಕು.

ಡೀಲರ್‌ಗೆ ಸ್ವಂತ ಬುದ್ಧಿ ಬಳಸುವ ಹಕ್ಕಿಲ್ಲ. 16ರವರೆಗೆ ಎಲೆ ಎಳೆಯಲೇಬೇಕು, 17ಕ್ಕೆ ನಿಲ್ಲಬೇಕು. ಹಾಗಾದರೆ ಕ್ಯಾಸಿನೊಗೆ ಲಾಭ ಎಲ್ಲಿಂದ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಉತ್ತರ ಸರಳವಾಗಿದೆ: ಮೊದಲು ಆಡುವವರು ನಾವು. ನಾವು 21 ದಾಟಿದ ಕ್ಷಣ ಚಿಪ್ಸ್ ಎತ್ತಿಕೊಂಡು ಬಿಡುತ್ತಾರೆ. ಆಮೇಲೆ ಡೀಲರ್ ಕೂಡ ದಾಟಿದರೆ ನಮ್ಮದು ವಾಪಸ್ ಬರುವುದಿಲ್ಲ. ಡೀಲರ್‌ನ ಹಾಗೆಯೇ 17ರವರೆಗೆ ಎಳೆಯುತ್ತ ಹೋಗುವವನು ನೂರಕ್ಕೆ ಸುಮಾರು ಐದೂವರೆ ರೂಪಾಯಿ ಕಳೆಯುತ್ತಾನೆ.

ಇದಕ್ಕೆ ಉತ್ತರ ಹುಡುಕಿದವರು ಜೂಜುಕೋರರಲ್ಲ. ಅಮೆರಿಕದ ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿ ಸೇನೆಯಲ್ಲಿದ್ದ ನಾಲ್ವರು – ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್ – ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲಿ ಗುಣಾಕಾರ ಮಾಡಿ ಮಾಡಿ, 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಅದನ್ನು ಓದಿದ ಗಣಿತದ ಮೇಷ್ಟ್ರು ಎಡ್ವರ್ಡ್ ಥಾರ್ಪ್, ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಇನ್ನೂ ಮುಂದೆ ಹೋಗಿ, ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು ಗೆಲ್ಲುವ ದಾರಿಯನ್ನು 1962ರಲ್ಲಿ ಪುಸ್ತಕ ಮಾಡಿದ. ಕ್ಯಾಸಿನೊಗಳು ಕಟ್ಟುಗಳ ಸಂಖ್ಯೆ ಹೆಚ್ಚಿಸಿ, ಆಮೇಲೆ ಕಲೆಸುವ ಯಂತ್ರ ತಂದು ಆ ದಾರಿಗೆ ಬೇಲಿ ಹಾಕಿದವು. ನನಗೆ ಅದು ಬೇಕಿರಲಿಲ್ಲ. ಸೈನಿಕರ ಚಾರ್ಟ್ ಸಾಕಿತ್ತು.

ಚಾರ್ಟ್ ಅಂದರೆ ನಮ್ಮ ಮೊತ್ತ ಒಂದು ಕಡೆ, ಡೀಲರ್‌ನ ತೆರೆದ ಎಲೆ ಇನ್ನೊಂದು ಕಡೆ, ಸಂದುವಲ್ಲಿ ಏನು ಮಾಡಬೇಕೆಂಬ ಅಕ್ಷರ. ಬಾಯಿಪಾಠ ಮಾಡಿದರೆ ಮರೆಯುತ್ತದೆ, ಕಾರಣ ತಿಳಿದರೆ ಉಳಿಯುತ್ತದೆ. ಹದಿಮೂರು ಬಗೆಯ ಎಲೆಗಳಲ್ಲಿ ನಾಲ್ಕಕ್ಕೆ ಹತ್ತರ ಬೆಲೆ. ಡೀಲರ್ 5 ಅಥವಾ 6 ತೋರಿಸಿದರೆ ಅವನು ಹಳ್ಳದ ದಂಡೆಯಲ್ಲಿ ನಿಂತಂತೆ. ನೂರರಲ್ಲಿ ಸುಮಾರು 42 ಸಲ 21 ದಾಟುತ್ತಾನೆ. ಆಗ ನಮ್ಮ ಕೈಯಲ್ಲಿ 13 ಇದ್ದರೂ ಸುಮ್ಮನೆ ಕೂರಬೇಕು, ಬೀಳುವ ಕೆಲಸ ಅವನಿಗೆ ಬಿಡಬೇಕು. ಅವನು 7 ಅಥವಾ ಮೇಲಿನದು ತೋರಿಸಿದರೆ ನಮ್ಮ 16 ಕೂಡ ನಿಲ್ಲುವಂತಿಲ್ಲ. 11 ಬಂದರೆ, ಅವನದು ಎಕ್ಕ ಅಲ್ಲದಿದ್ದರೆ, ಡಬಲ್. ಎಕ್ಕದ ಜೋಡಿ, ಎಂಟರ ಜೋಡಿ ಒಡೆಯಬೇಕು. ಹತ್ತರ ಜೋಡಿಯನ್ನು ಆಸೆಬಿದ್ದು ಒಡೆಯಬಾರದು. ಡೀಲರ್ ಎಕ್ಕ ತೋರಿಸಿದಾಗ ‘ಇನ್ಶೂರೆನ್ಸ್’ ಎಂದು ಕೇಳುತ್ತಾರೆ. ಒಂದಕ್ಕೆ ಎರಡು ಕೊಡುವ ಆ ಪಣ ಸರಿದೂಗಲು ಮೂರರಲ್ಲಿ ಒಂದು ಸಲ ಹತ್ತು ಬರಬೇಕು, ಬರುವುದು ಹದಿಮೂರರಲ್ಲಿ ನಾಲ್ಕು ಸಲ. ಬೇಡ ಎನ್ನಬೇಕು.

ಮಹಾ ಕಷ್ಟದ್ದು ನಮ್ಮ 16, ಅವನ 10. ಎಳೆದರೆ ಹದಿಮೂರರಲ್ಲಿ ಎಂಟು ಸಲ ಬಸ್ಟ್. ನಿಂತರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸಲ ಸೋಲು. ಲೆಕ್ಕ ಹಾಕಿದರೆ ಎಳೆಯುವುದೇ ಕೂದಲೆಳೆಯಷ್ಟು ಮೇಲು. ಎರಡೂ ಕೆಟ್ಟದ್ದರಲ್ಲಿ ಒಂದನ್ನು ಆರಿಸಿಕೊಳ್ಳುವುದು ನಮ್ಮ ಅಪ್ರೈಸಲ್ ಮೀಟಿಂಗುಗಳಿಂದ ಅಭ್ಯಾಸವಾಗಿತ್ತು, ಆದರೂ ಈ ಸಾಲು ನನಗೆ ಕೊನೆಗೇ ಬಾಯಿಗೆ ಬಂತು.

ಊರಿನಿಂದ ಬಂದು ನಮ್ಮಲ್ಲೇ ಇದ್ದ ಅವ್ವ ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಲ್ಯಾಪ್‌ಟಾಪ್ ಪರದೆ ನೋಡಿದಳು.

"ಇದೇನೋ, ಇಸ್ಪೀಟ್ ಎಲಿ ಕಂಡಂಗ ಕಾಣತೈತಿ?"

"ಲೆಕ್ಕ ಅವ್ವಾ. ಆಫೀಸಿನವರ ಕೂಡ ಗೋವಾಕ್ಕ ಹೊಂಟೀವಲ್ಲ, ಸುಮ್ನ ಕಲಿಯಾಕತ್ತೀನಿ."

"ನಿಮ್ಮ ಮಾಮಾನೂ ಲೆಕ್ಕಾ ಬರ್ಕೊಂಡ ಆಡತಿದ್ದ." ಸ್ವಲ್ಪ ಹೊತ್ತು ನಿಂತು ಕೇಳಿದಳು, "ಇದನ್ನ ಕಲತ್ರ ಗೆಲ್ತೀಯೇನು?"

"ಇಲ್ಲ. ಕಡಿಮಿ ಸೋಲ್ತೀನಿ."

"ಕಡಿಮಿ ಸೋಲಾಕ ಇಷ್ಟ ಓದಬೇಕೇನ? ಆಡದಿದ್ರ ಏನೂ ಸೋಲಂಗಿಲ್ಲಲ್ಲ."

ಮಾಮಾ ಲೆಕ್ಕ ಬರೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಆ ದೀಪಾವಳಿಗೆ ಊರಿಗೆ ಹೋದಾಗ ಅತ್ತೆಯನ್ನು ಕೇಳಿದೆ. ಟ್ರಂಕಿನ ತಳದಿಂದ ಎರಡು ನೋಟ್‌ಬುಕ್ ತೆಗೆದುಕೊಟ್ಟಳು. ಪುಟಗಟ್ಟಲೆ ‘ಅ’, ‘ಬಾ’, ‘ಬಾ’, ‘ಅ’. ಯಾವ ಬದಿಗೆ ಎಲೆ ಬಿತ್ತೆಂದು ಪ್ರತಿ ಆಟದ ದಾಖಲೆ, ಪಕ್ಕದಲ್ಲಿ ಕೆಂಪು ಗೆರೆಗಳು. ಮೂರು ಸಲ ಒಳಗೆ ಬಿದ್ದರೆ ನಾಲ್ಕನೆಯದು ಹೊರಗೆ ಎಂಬಂಥ ಸೂತ್ರಗಳು. ಬರವಣಿಗೆ ಮುತ್ತಿನಂತಿತ್ತು. ಅಂದರ್-ಬಾಹರ್‌ನಲ್ಲಿ ಆಡುವವನು ಮಾಡಬಹುದಾದ ತೀರ್ಮಾನವೇ ಇಲ್ಲ. ಮೊದಲ ಎಲೆ ಬೀಳುವ ಬದಿಗೆ ಶೇಕಡಾ 51.5ರಷ್ಟು ಅವಕಾಶ, ಇನ್ನೊಂದಕ್ಕೆ ಉಳಿದದ್ದು. ಹಿಂದಿನ ಆಟ ಏನಾಗಿತ್ತೆಂಬುದು ಎಲೆಗಳಿಗೆ ನೆನಪಿರುವುದಿಲ್ಲ. ಎಂಟನೇ ಇಯತ್ತೆ ಓದಿದ ಮನುಷ್ಯ ವರ್ಷಗಟ್ಟಲೆ ಡೇಟಾ ಕೂಡಿಹಾಕಿದ್ದ, ಇಲ್ಲದ್ದನ್ನು ಹುಡುಕಲು. ಮಾಮಾ ಪಡಸಾಲೆಯಲ್ಲಿ ಕೂತು ಟಿವಿ ನೋಡುತ್ತಿದ್ದ. ನಾನು ಅವನಿಗೆ ಏನೂ ಹೇಳಲಿಲ್ಲ.

ಪುಣೆಗೆ ಬಂದು ಹತ್ತು ಲಕ್ಷ ಕೈ ಆಡಿಸುವ ಪ್ರೋಗ್ರಾಂ ಬರೆದೆ. ಪುಸ್ತಕಗಳು ಹೇಳುವಂತೆಯೇ ಬಂತು: ಒಳ್ಳೆಯ ನಿಯಮದ ಮೇಜಿನಲ್ಲಿ ಚಾರ್ಟ್ ತಪ್ಪದೆ ಆಡಿದರೆ ನೂರಕ್ಕೆ ಸುಮಾರು ಅರ್ಧ ರೂಪಾಯಿ ನಷ್ಟ. ಗಂಟೆಗೆ 60 ಕೈ, ಕೈಗೆ ಸಾವಿರವೆಂದರೆ ಮುನ್ನೂರು ರೂಪಾಯಿ. ಮಲ್ಟಿಪ್ಲೆಕ್ಸಿನ ಟಿಕೆಟ್ಟಿನಷ್ಟು! ಬೀಗಿದೆ. ಆಮೇಲೆ ಅದೇ ಪ್ರೋಗ್ರಾಮನ್ನು ಅರವತ್ತೇ ಕೈಗೆ ನಿಲ್ಲಿಸಿ ಮತ್ತೆ ಮತ್ತೆ ಓಡಿಸಿದೆ. ಮುನ್ನೂರು ಎಲ್ಲೂ ಕಾಣಲಿಲ್ಲ. ಒಮ್ಮೆ ಹತ್ತು ಸಾವಿರ ಮೇಲೆ, ಒಮ್ಮೆ ಒಂಬತ್ತು ಸಾವಿರ ಕೆಳಗೆ. ಒಂದು ಗಂಟೆಯ ಏರಿಳಿತವೇ ಒಂಬತ್ತು ಸಾವಿರದ ಆಸುಪಾಸು. ಸರಾಸರಿ ಎಂಬುದು ಹತ್ತು ಲಕ್ಷ ಕೈ ಆಡುವವನಿಗೆ, ಅಂದರೆ ಕ್ಯಾಸಿನೊಗೆ.

ಪಣಜಿಯಲ್ಲಿ ದೋಣಿ ಹತ್ತಿ ಹಡಗಿಗೆ ಹೋದೆವು. ಗೋವಾದಲ್ಲಿ ಮೇಜಿನ ಆಟಗಳಿಗೆ ಅನುಮತಿ ಇರುವುದು ನೀರಿನ ಮೇಲೆ ಮಾತ್ರ. 2020ರಿಂದ ಗೋವಾದವರಿಗೇ ಒಳಗೆ ಪ್ರವೇಶವಿಲ್ಲ. ಸುತ್ತ ನಾಲ್ಕು ಭಾಷೆ ಕೇಳಿದರೆ ಅದರಲ್ಲೊಂದು ಕನ್ನಡವಿರುತ್ತಿತ್ತು. ಇಪ್ಪತ್ತು ಸಾವಿರ ಕೊಟ್ಟೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಂತೆ ಆಗ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಇತ್ತು. ನಾನು ಹೋದ ಕಡೆ ಅದನ್ನು ಮುರಿದುಕೊಂಡೇ ಚಿಪ್ಸ್ ಕೊಟ್ಟರು: ಹದಿನೈದು ಸಾವಿರದ ಆರುನೂರು ಚಿಲ್ಲರೆ. ಅರ್ಧ ಶೇಕಡಾಕ್ಕೆ ಇಳಿಸಲು ಮೂರು ತಿಂಗಳು ನಿದ್ದೆ ಕೆಟ್ಟವನಿಗೆ ಮೊದಲ ಎಲೆ ಬೀಳುವ ಮೊದಲೇ ನಾಲ್ಕು ಸಾವಿರದ ಮುನ್ನೂರು ಹೋಯಿತು. ಈ ಸಾಲನ್ನು ನನ್ನ ಪ್ರೋಗ್ರಾಂನಲ್ಲಿ ಬರೆದಿರಲಿಲ್ಲ.

ಮೇಜಿನ ಕೊನೆಯ ಕುರ್ಚಿ ಸಿಕ್ಕಿತು. ಬಾಯಲ್ಲಿ ಹೇಳಿದರೆ ಸಾಲದು. ಎಲೆ ಬೇಕಾದರೆ ಬೆರಳಿನಿಂದ ಬಟ್ಟೆ ತಟ್ಟಬೇಕು, ಬೇಡವಾದರೆ ಅಂಗೈ ಆಡಿಸಬೇಕು. ಮೇಲಿನ ಕ್ಯಾಮೆರಾಕ್ಕೆ ಸಾಕ್ಷಿ. ಮೊದಲ ಗಂಟೆ ಹರಿದು ಬಂತು, ಎದುರಿಗೆ ಇಪ್ಪತ್ತನಾಲ್ಕು ಸಾವಿರವಾಯಿತು. ಆಮೇಲೆ ಆ ಕೈ. ನನ್ನದು 12, ಡೀಲರ್‌ನದು 2. 4, 5, 6ಕ್ಕೆ ಮಾತ್ರ 12ಕ್ಕೆ ನಿಲ್ಲಬೇಕು, ತಟ್ಟಿದೆ. ರಾಣಿ ಬಂದಳು, ಬಸ್ಟ್. ಡೀಲರ್ ಮುಚ್ಚಿದ ಎಲೆ ತೆರೆದ, ಹತ್ತು. ಇನ್ನೊಂದು ಎಳೆದ, ಆರು. ಹದಿನೆಂಟು. ಪಕ್ಕದಲ್ಲಿ ಐದು ಸಾವಿರ ಇಟ್ಟು 17ಕ್ಕೆ ನಿಂತಿದ್ದ ಬೆಳಗಾವಿ ಕಡೆಯ ಹಿರಿಯರು ನನ್ನ ಕಡೆ ತಿರುಗಿದರು.

"ಯಾಕ್ ತಗೊಂಡ್ರಿ ಸರ? ನೀವು ಬಿಟ್ಟಿದ್ರ ಆ ರಾಣಿ ಅವನಿಗೆ ಹೋಗಿ ಬಸ್ಟ್ ಆಗತಿದ್ದ. ಎಲ್ಲಾರೂ ಗೆಲ್ತಿದ್ವಿ."

ಆ ಒಂದು ಕೈಗೆ ಅವರ ಮಾತು ಸತ್ಯ. ನನ್ನ ಎಲೆ ಅವರನ್ನು ಕೆಡಿಸುವಷ್ಟೇ ಸಲ ಉಳಿಸುತ್ತದೆ ಎಂಬುದೂ ಸತ್ಯ. ಐದು ಸಾವಿರ ಕಳೆದವರಿಗೆ ಅದನ್ನು ಹೇಗೆ ಹೇಳುವುದು? "ತಪ್ಪಾತ್ರಿ" ಎಂದೆ. ಆಮೇಲೆ 12 ಬಂದಾಗಲೆಲ್ಲ ಅವರ ಮುಖ ನೋಡತೊಡಗಿದೆ. ಎರಡು ಸಲ ಚಾರ್ಟ್ ಬಿಟ್ಟು ಆಡಿದೆ. ಚಿಪ್ಸ್ ಹದಿನಾಲ್ಕಕ್ಕೆ ಬಂದಾಗ ನನ್ನ ಕೈ ತಾನಾಗಿಯೇ ಸಾವಿರದ ಬದಲು ಮೂರು ಸಾವಿರ ಮುಂದೆ ನೂಕಿತು. ಸತತ ಐದು ಸಲ ಸೋತಿದ್ದೇನೆ, ಈ ಸಲ ಬರಲೇಬೇಕು ಎಂದು ಒಳಗೆ ಯಾರೋ ಹೇಳುತ್ತಿದ್ದರು. ಅ, ಬಾ, ಬಾ, ಬಾ. ಡೀಲರ್‌ಗೆ ಇಪ್ಪತ್ತು ಬಂತು. ಜೇಬಿನಲ್ಲಿದ್ದ ಪರ್ಸನ್ನು ಮುಟ್ಟಿ ನೋಡಿಕೊಂಡೆ; ಇನ್ನೂ ಹತ್ತು ಸಾವಿರವಿತ್ತು. ಎದ್ದು ಉಳಿದ ಹನ್ನೊಂದು ಸಾವಿರ ಬಿಡಿಸಿಕೊಂಡು ಮೇಲಿನ ಡೆಕ್ಕಿಗೆ ಹೋಗಿ, ದೋಣಿ ಬರುವವರೆಗೆ ಗಾಳಿಗೆ ನಿಂತೆ. ಟೀಮಿನ ಹುಡುಗನೊಬ್ಬ ಏನೂ ತಿಳಿಯದೆ ಆಡಿ ಮೂವತ್ತು ಸಾವಿರ ಗೆದ್ದಿದ್ದ. ದೋಣಿಯಲ್ಲಿ ಅವನೇ ನನಗೆ ಆಟ ಹೇಳಿಕೊಟ್ಟ.

ಅವ್ವನಿಗೆ ನಿಜ ಹೇಳಿದೆ, ಒಂಬತ್ತು ಸಾವಿರ ಹೋಯಿತೆಂದು. ಅವಳು ಬೈಯಲಿಲ್ಲ. "ಎದ್ದ ಬಂದಿಯಲ್ಲ" ಎಂದು ಪಾತ್ರೆ ಒರೆಸುತ್ತಲೇ ಇದ್ದಳು.

ಮಗಳಿಗೆ ಒಂಬತ್ತು ವರ್ಷ. ಕೂಡುವ ಲೆಕ್ಕ ಚುರುಕಾಗಲೆಂದು ಅವಳಿಗೆ ನಿಯಮ ಹೇಳಿಕೊಟ್ಟಿದ್ದೇನೆ. ಮನೆಗೆ ಎಲೆ ತರಲಿಲ್ಲ, ಹಳೇ ಕ್ಯಾಲೆಂಡರ್ ಕತ್ತರಿಸಿ ಅಂಕಿ ಬರೆದುಕೊಂಡಿದ್ದಾಳೆ. ಪಣಕ್ಕೆ ಹುಣಸೆಬೀಜ. ಕಳೆದ ರವಿವಾರ ಅವಳು ಡೀಲರ್, ಎದುರಿಗೆ ಅಜ್ಜಿ. ಅವ್ವನ ಕೈಯಲ್ಲಿ 16, ಮೊಮ್ಮಗಳ ಚೀಟಿ 7.

"ನಿನ್ನ ಲೆಕ್ಕಾ ಏನ ಹೇಳತೈತಿ?" ಎಂದು ನನ್ನ ಕಡೆ ನೋಡಿದಳು.

"ತಗೋ ಅಂತೈತಿ."

ತಗೊಂಡಳು. ಆರು ಬಂತು. ಮೊಮ್ಮಗಳು ನಾಲ್ಕು ಬೀಜ ತನ್ನ ಕಡೆ ಎಳೆದುಕೊಂಡಳು. ಅವ್ವ ಉಳಿದವನ್ನು ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಎದ್ದು ಹೋದಳು.