ಕೀಲಿಕೈ ಯಾರ ಕೈಯಲ್ಲಿ?

ಮಳೆಗಾಲದಲ್ಲಿ ಬಾಳೆಹೊನ್ನೂರಿನಲ್ಲಿ ಕರೆಂಟು ಹೋದರೆ ಯಾರಿಗೂ ಆಶ್ಚರ್ಯವಿಲ್ಲ. ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದಿರಬೇಕು, ಲೈನ್‌ಮನ್ ಬಂದರೆ ಸರಿಹೋದೀತು ಎಂದುಕೊಳ್ಳುತ್ತೇವೆ. ಆದರೆ ಕೊಂಬೆ ಬೀಳದೆ, ತಂತಿ ಕಡಿಯದೆ, ಎಲ್ಲೋ ದೂರದಲ್ಲಿ ಕುಳಿತ ಒಬ್ಬಾತ ಊರಿನ ದೀಪ ಆರಿಸಬಲ್ಲನೇ?

ಆರಿಸಿದವರಿದ್ದಾರೆ. 2015ರ ಡಿಸೆಂಬರ್ 23ರಂದು ಉಕ್ರೇನ್ ದೇಶದಲ್ಲಿ ಸುಮಾರು 2,25,000 ಗ್ರಾಹಕರ ವಿದ್ಯುತ್ ಕೆಲವು ಗಂಟೆ ನಿಂತುಹೋಯಿತು. ದುಷ್ಕರ್ಮಿಗಳು ಮೋಸದ ಇ-ಮೇಲ್ ಮೂಲಕ ವಿದ್ಯುತ್ ಕಂಪೆನಿಗಳ ಜಾಲದೊಳಗೆ ನುಸುಳಿ, ನೌಕರರ ಪಾಸ್‌ವರ್ಡ್ ಕದ್ದು, ಅವರ ಹೆಸರಿನಲ್ಲೇ ಉಪಕೇಂದ್ರಗಳ ಬ್ರೇಕರ್‌ಗಳನ್ನು ತೆರೆದರು. ಅಲ್ಲಿ ಪಾಸ್‌ವರ್ಡ್ ಒಂದನ್ನು ಬಿಟ್ಟು ಎರಡನೆಯ ಗುರುತನ್ನು ಕೇಳುವವರಿರಲಿಲ್ಲ. ಕಳ್ಳರು ಬೀಗ ಒಡೆಯಲಿಲ್ಲ, ಕೀಲಿಕೈಯನ್ನೇ ಕದ್ದಿದ್ದರು.

ವಿದ್ಯುತ್ತಿನ ಸ್ವಭಾವವೇ ಸೂಕ್ಷ್ಮ. ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸರಿದೂಗಿ, ಆವರ್ತನೆ 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ನಮ್ಮ ರಾಜ್ಯದಲ್ಲಿ ಈ ಲೆಕ್ಕವನ್ನು ಹಗಲಿರುಳೂ ನೋಡುವುದು ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರ. ಇಂಥ ಜಾಲದೊಳಗೆ ಯಾರು, ಯಾವ ಯಂತ್ರದೊಂದಿಗೆ, ಎಲ್ಲಿಯವರೆಗೆ ಹೋಗಬಹುದು?

ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರವನ್ನು ನೆನೆಯಿರಿ. ಬಾಗಿಲಲ್ಲಿ ಪ್ರವೇಶಪತ್ರ ಮತ್ತು ಭಾವಚಿತ್ರ ನೋಡುತ್ತಾರೆ. ಇದು ವ್ಯಕ್ತಿಯ ಗುರುತು. ಮೊಬೈಲ್ ಒಳಗೆ ಬಿಡುವುದಿಲ್ಲ. ಇದು ಸಾಧನದ ತಪಾಸಣೆ. ನಿಮ್ಮ ಕೊಠಡಿ, ನಿಮ್ಮ ಬೆಂಚು ಬಿಟ್ಟು ಬೇರೆಡೆ ಕೂರುವಂತಿಲ್ಲ. ಇದು ಅಧಿಕಾರದ ಮಿತಿ. ಹಾಜರಿ ಪಟ್ಟಿಗೆ ಸಹಿ ಹಾಕಿಸುತ್ತಾರೆ. ಇದು ದಾಖಲೆ. ಜಾಲದ ಕಾವಲಿಗೂ ಈ ನಾಲ್ಕೇ ಕಂಬಗಳು.

ಕರ್ನಾಟಕಕ್ಕೂ ವಿದ್ಯುತ್ ಪಾಲು ನೀಡುವ ಕೂಡಂಕುಳಂ ಅಣುಸ್ಥಾವರದಲ್ಲಿ 2019ರಲ್ಲಿ ಒಂದು ಕಂಪ್ಯೂಟರಿಗೆ ಕುತಂತ್ರಾಂಶ ತಗುಲಿತ್ತು. ಅದು ಇಂಟರ್ನೆಟ್ ಸಂಪರ್ಕವಿದ್ದ ಆಡಳಿತ ವಿಭಾಗದ ಕಂಪ್ಯೂಟರು. ಸ್ಥಾವರ ನಡೆಸುವ ಜಾಲ ಬೇರೆಯೇ ಇದ್ದುದರಿಂದ ಅದಕ್ಕೆ ತೊಂದರೆಯಾಗಲಿಲ್ಲ ಎಂದು ಅಣುವಿದ್ಯುತ್ ನಿಗಮ ತಿಳಿಸಿತು. ಅಡುಗೆಮನೆಗೆ ಬೆಂಕಿ ಬಿದ್ದರೂ ನಡುವಿನ ಗೋಡೆ ಕಣಜವನ್ನು ಉಳಿಸಿದಂತೆ! ಹಾಗೆಂದು ಗೋಡೆಯೊಂದೇ ಸಾಲದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್, ಇಂಟರ್ನೆಟ್ಟೇ ಇಲ್ಲದ ಕಡೆಗೂ ಪೆನ್‌ಡ್ರೈವ್ ಏರಿ ಹೋಗಬಲ್ಲದಾಗಿತ್ತು.

ಒಳಗಿನವರೆಲ್ಲ ನಂಬಿಕಸ್ಥರೇ? ನಮ್ಮ ಕೈಗಾ ಸ್ಥಾವರದಲ್ಲಿ 2009ರ ನವೆಂಬರ್‌ನಲ್ಲಿ ಟ್ರೈಟಿಯಂ ಇದ್ದ ಭಾರಜಲ ಕುಡಿಯುವ ನೀರಿನ ಕೂಲರ್‌ಗೆ ಸೇರಿ, ಹಲವಾರು ನೌಕರರ ದೇಹ ಹೊಕ್ಕಿತು. ಒಳಗಿನವರದೇ ಕೃತ್ಯವಿರಬೇಕೆಂದು ಅಧಿಕಾರಿಗಳು ಆಗ ಹೇಳಿದರು. ಅದು ಕಂಪ್ಯೂಟರಿನ ವಿಷಯವಲ್ಲದಿದ್ದರೂ ಪಾಠ ಒಂದೇ: ಒಳಗೆ ಬಿಟ್ಟ ಮಾತ್ರಕ್ಕೆ ಎಲ್ಲ ಬಾಗಿಲನ್ನೂ ತೆರೆದಿಡಬಾರದು.

ನಮ್ಮ ಕಾನೂನು ಇಂಥ ಜಾಲಗಳನ್ನು ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಲು ಅವಕಾಶ ಕೊಟ್ಟಿದೆ. ಹಾಗೆ ಘೋಷಿತವಾದ ಜಾಲಕ್ಕೆ ಅಕ್ರಮವಾಗಿ ನುಗ್ಗಿದರೆ 10 ವರ್ಷದವರೆಗೆ ಸೆರೆವಾಸ. ‘ಸುಮ್ಮನೆ ನೋಡೋಣ’ ಎನ್ನುವ ಹುಡುಗಾಟಿಕೆಗೂ ಇಲ್ಲಿ ರಿಯಾಯಿತಿ ಇಲ್ಲವೆಂಬುದನ್ನು ಹೆತ್ತವರು ಮಕ್ಕಳಿಗೆ ತಿಳಿಹೇಳಬೇಕು.

ವಿದ್ಯಾರ್ಥಿಗಳೇ, ಗೆಳೆತನದ ಹೆಸರಿನಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ಬಿದ್ದು ಸಿಕ್ಕಿದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಬೇಡಿ. ನಾಳೆ ನಿಮ್ಮಲ್ಲೇ ಒಬ್ಬರು ವಿದ್ಯುತ್ ಕೇಂದ್ರದ ಎಂಜಿನಿಯರ್ ಆದಾಗ, ಇಂದಿನ ಈ ಅಭ್ಯಾಸವೇ ಲಕ್ಷಾಂತರ ಮನೆಗಳ ದೀಪವನ್ನು ಕಾಯುತ್ತದೆ.