ಮಲೆನಾಡಿನ ಸೌದೆ ಒಲೆ: ಗಾಳಿಯ ಹತೋಟಿ ಮತ್ತು ಸುರಕ್ಷತೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ರೈತ ಕುಟುಂಬಗಳಲ್ಲಿ ಸೌದೆ ಒಲೆಯ ಬಳಕೆ ಇಂದಿಗೂ ನಿಂತಿಲ್ಲ. ಅಡುಗೆಗೆ ಗ್ಯಾಸ್ ಬಂದಿರುವ ಮನೆಗಳಲ್ಲಿಯೂ ಬಚ್ಚಲ ಹಂಡೆಯ ನೀರು ಕಾಯುವುದು, ದನಗಳ ಅಕ್ಕಚ್ಚು ಬಿಸಿಯಾಗುವುದು ಸೌದೆಯಿಂದಲೇ. ಮರಗಸಿಯಲ್ಲಿ ಬಿದ್ದ ರೆಂಬೆಗಳು, ಅಡಿಕೆ ಸೋಗೆ, ಅಡಿಕೆ ಸಿಪ್ಪೆ, ತೆಂಗಿನ ಮಡಲು ತೋಟದಲ್ಲಿಯೇ ದೊರೆಯುವುದರಿಂದ ಇದು ಸಹಜವೂ ಹೌದು. ಆದರೆ ಮಳೆಗಾಲದಲ್ಲಿ ಸೌದೆ ಉಳಿಸಲು, ಬಿಸಿನೀರು ಬೆಳಗಿನವರೆಗೂ ಉಳಿಯಲು ಒಲೆಯ ಬಾಯಿಗೆ ತಗಡು ಮುಚ್ಚುವ ರೂಢಿ ಹಲವೆಡೆ ಇದೆ. ಈ ರೂಢಿಯಿಂದ ಸೌದೆ ಉಳಿಯುವುದಕ್ಕಿಂತ ಪ್ರಾಣಕ್ಕೆ ಅಪಾಯ ಒದಗುವ ಸಂಭವವೇ ಹೆಚ್ಚು. ಒಲೆಗೆ ಗಾಳಿ ಎಷ್ಟು ಬೇಕು, ಅದನ್ನು ಯಾವಾಗ ಕಡಿಮೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉರಿಗೆ ಬೇಕಾದ ಗಾಳಿ

ಸೌದೆ ಕಾದಾಗ ಮೊದಲು ಅದರಲ್ಲಿರುವ ನೀರು ಆವಿಯಾಗುತ್ತದೆ. ನಂತರ ಸೌದೆಯೊಳಗಿಂದ ಉರಿಯುವ ಅನಿಲಗಳು ಹೊರಬರುತ್ತವೆ. ಒಣ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಉರಿಯುತ್ತದೆ. ನಾವು ಕಾಣುವ ಜ್ವಾಲೆ ಇದೇ. ಉಳಿದ ಕಾಲು ಪಾಲು ಕೆಂಡ. ಕೆಂಡಕ್ಕೆ ಗಾಳಿ ಕೆಳಗಿನಿಂದ ಬರಬೇಕು, ಅನಿಲಕ್ಕೆ ಸೌದೆಯ ಮೇಲ್ಭಾಗದಿಂದ ದೊರೆಯಬೇಕು. ಕೆಳಗಿನ ಗಾಳಿ ಹೆಚ್ಚಾಗಿ ಮೇಲಿನದು ಸಾಲದಿದ್ದರೆ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ಕಪ್ಪು ಹೊಗೆ ಎಂದರೆ ಉರಿಯದೆ ಹೋದ ಸೌದೆಯೇ.

ಒಂದು ಕಿಲೋ ಒಣ ಸೌದೆ ಪೂರ್ಣವಾಗಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 5 ಘನ ಮೀಟರ್ ಗಾಳಿ ಬೇಕು. ಮನೆಯ ಒಲೆಗಳಲ್ಲಿ ಇದರ ಎರಡರಷ್ಟು ಬೇಕಾಗುವುದು ಸಾಮಾನ್ಯ. 2 ಮೀಟರ್ ಉದ್ದ, 1.5 ಮೀಟರ್ ಅಗಲ, 2.5 ಮೀಟರ್ ಎತ್ತರದ ಬಚ್ಚಲುಮನೆಯಲ್ಲಿರುವ ಗಾಳಿ 7.5 ಘನ ಮೀಟರ್ ಮಾತ್ರ. ಬಾಗಿಲು ಕಿಟಕಿ ಮುಚ್ಚಿದ್ದರೆ ಒಂದು ಕಿಲೋ ಸೌದೆಗೂ ಅದು ಸಾಲದು. ಅದೇ ಗಾಳಿಯನ್ನು ಸ್ನಾನ ಮಾಡುವವರೂ ಉಸಿರಾಡಬೇಕು.

ಹೊಗೆಯಿಲ್ಲದ ಅಪಾಯ

ಹೊಗೆ ಕಣ್ಣಿಗೆ ಉರಿ ತರುವುದರಿಂದ ನಾವು ಎಚ್ಚರಗೊಳ್ಳುತ್ತೇವೆ. ನಿಜವಾದ ಅಪಾಯ ಹೊಗೆ ನಿಂತು ಕೆಂಡ ಉಳಿದ ಮೇಲೆ ಇದೆ. ಕೆಂಡಕ್ಕೆ ಗಾಳಿ ಸಾಲದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ಸಿಗದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು ಇದರ ಲಕ್ಷಣಗಳು. ಸ್ನಾನಕ್ಕೆ ಹೋದವರು ತಲೆ ಸುತ್ತಿ ಕುಸಿದರೆ ಬಿಸಿನೀರಿನ ಹಬೆಗೆ ಹಾಗಾಯಿತೆಂದು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗಬಾರದು. ಮನೆಯ ಹಲವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಅದು ಕಡಿಮೆಯಾದರೆ ಒಲೆಯ ಮೇಲೆ ಸಂಶಯ ಪಡಬೇಕು.

ಹೊಗೆಯೂ ನಿರಪಾಯಕಾರಿಯಲ್ಲ. ಅಡುಗೆ ಇಂಧನಗಳ ಹೊಗೆಯಿಂದಾದ ಮನೆಯೊಳಗಿನ ವಾಯುಮಾಲಿನ್ಯಕ್ಕೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕಳೆಯುವ ಹೆಂಗಸರು ಮತ್ತು ಮಕ್ಕಳೇ ಇದಕ್ಕೆ ಹೆಚ್ಚಾಗಿ ಗುರಿಯಾಗುವವರು.

ಬದಲಾದ ಮನೆ, ಬದಲಾಗದ ಒಲೆ

ಹಿಂದಿನ ಹೆಂಚಿನ ಮಾಡಿನ ಮನೆಗಳಲ್ಲಿ ಹೊಗೆ ಹೆಂಚಿನ ಸಂದಿನಿಂದ ತಾನಾಗಿ ಹೊರಹೋಗುತ್ತಿತ್ತು. ಜಂತೆಯಲ್ಲಿ ಇಲ್ಲಣ ಕಟ್ಟಿದರೂ ಗಾಳಿ ಆಡುತ್ತಿತ್ತು. ಈಗ ಬಚ್ಚಲಿಗೆ ಕಾಂಕ್ರೀಟ್ ತಾರಸಿ, ಕಿಟಕಿಗೆ ಗಾಜು, ಬಾಗಿಲಿಗೆ ಸಂದಿಲ್ಲದ ಹಲಗೆ ಬಂದಿವೆ. ಒಲೆ ಮಾತ್ರ ಹಳೆಯದೇ. ಹಳೆಯ ಒಲೆಯನ್ನು ಹೊಸ ಕೋಣೆಗೆ ತರುವಾಗ ಗಾಳಿಯ ದಾರಿಯನ್ನೂ ಮಾಡಿಕೊಡಬೇಕು.

ಹಂಡೆ ಒಲೆಯ ಬಾಯಿ ಮನೆಯ ಹೊರಗೆ ಅಥವಾ ತೆರೆದ ಜಗಲಿಗೆ ಇರುವುದು ಅತ್ಯುತ್ತಮ. ಹಾಗೆ ಮಾಡಿದಾಗಲೂ ಹಂಡೆಯ ಸುತ್ತಲಿನ ಬಿರುಕುಗಳನ್ನು ಮಣ್ಣಿನಿಂದ ಮೆತ್ತಬೇಕು. ಒಲೆಯ ಬಾಯಿ ಒಳಗೇ ಇದ್ದರೆ ಹೊಗೆ ಕೊಳವೆ ಕಡ್ಡಾಯ; ಜೊತೆಗೆ ನೆಲದ ಹತ್ತಿರ ಒಂದು, ತಾರಸಿಯ ಹತ್ತಿರ ಒಂದು, ಹೀಗೆ ಮುಚ್ಚಲು ಬಾರದ ಎರಡು ಕಿಂಡಿಗಳಿರಬೇಕು. ಇವು 15×15 ಸೆಂ.ಮೀ.ಗಿಂತ ಕಿರಿದಾಗಬಾರದು. ಒಲೆ ಉರಿಯುವಾಗ ಅದೇ ಕೋಣೆಯಲ್ಲಿ ಹೊಗೆ ಎಳೆಯುವ ಫ್ಯಾನ್ ಹಾಕುವಾಗ ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಫ್ಯಾನು ಕೊಳವೆಯ ಹೊಗೆಯನ್ನೇ ಒಳಕ್ಕೆ ಎಳೆಯಬಹುದು.

ಗಾಳಿಯನ್ನು ಹದಗೊಳಿಸುವ ಕ್ರಮ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯಲ್ಲಿ ಗಾಳಿಯ ಈ ತತ್ವವನ್ನೇ ಅಳವಡಿಸಲಾಗಿತ್ತು. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಅಳತೆಯ ಕಿಂಡಿಯಿಂದ ಬರುತ್ತದೆ, ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಮನೆಯಲ್ಲಿರುವ ಒಲೆಗೂ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಬೆಂಕಿ ಹಚ್ಚುವ ಮೊದಲು ಬೂದಿ ತೆಗೆಯಿರಿ. ಜಾಲರಿಯ ಕೆಳಗೆ ಬೂದಿ ತುಂಬಿದರೆ ಕೆಂಡಕ್ಕೆ ಗಾಳಿಯಿಲ್ಲ.

2. ಮಳೆಗಾಲದಲ್ಲಿ ಕೊಳವೆ ತಣ್ಣಗಿರುವುದರಿಂದ ಹೊಗೆ ಹಿಂದಕ್ಕೆ ಬರುತ್ತದೆ. ಕೊಳವೆಯ ಬುಡದಲ್ಲಿ ಒಂದು ಹಿಡಿ ಒಣ ಸೋಗೆ ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿ.

3. ಒಲೆಯ ಬಾಯಿಯ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಒಲೆಯೊಳಕ್ಕೆ ಸರಿದರೆ ಸೆಳೆತ ಸರಿಯಾಗಿದೆ. ಕೋಣೆಯ ಕಡೆಗೆ ತಿರುಗಿದರೆ ಸೌದೆ ಹಾಕಬೇಡಿ.

4. ಉರಿ ಕಡಿಮೆ ಮಾಡಬೇಕಾದರೆ ಸೌದೆಯನ್ನು ಹಿಂದಕ್ಕೆ ಎಳೆಯಿರಿ, ಗಾಳಿಯನ್ನು ಮುಚ್ಚಬೇಡಿ. ಜ್ವಾಲೆ ಹೊಳಪಾಗಿದ್ದು ಹೊಗೆ ತೆಳುವಾಗಿರುವಷ್ಟು ಗಾಳಿ ಸದಾ ಇರಬೇಕು.

5. ರಾತ್ರಿ ದೊಡ್ಡ ಕುಂಟೆ ತುರುಕಿ ಬಾಯಿ ಮುಚ್ಚುವುದನ್ನು ಬಿಡಿ. ನೀರು ಬೆಚ್ಚಗಿರಲು ಹಂಡೆಗೆ ಬಿಗಿಯಾದ ಮುಚ್ಚಳ ಹಾಕಿ.

6. ಸ್ನಾನಕ್ಕೆ ಮೊದಲು ಕೋಣೆಯ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಗ್ಯಾಸ್ ಗೀಸರ್ ಇರುವ ಬಚ್ಚಲಿಗೂ ಈ ಮಾತು ಅನ್ವಯಿಸುತ್ತದೆ.

7. ಚಳಿಗೆಂದು, ಬಾಣಂತಿ ಕೋಣೆಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಇಡಲೇಬಾರದು. ಕಿಟಕಿ ತೆರೆದಿದ್ದರೂ ಇದು ಕ್ಷೇಮವಲ್ಲ.

ಸೌದೆಯ ಸಿದ್ಧತೆ

ಗಾಳಿ ಸರಿಯಿದ್ದರೂ ಸೌದೆ ಹಸಿಯಾಗಿದ್ದರೆ ಪ್ರಯೋಜನವಿಲ್ಲ. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡಲು ಶಾಖ ವ್ಯಯವಾಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಒಲೆ ತಣ್ಣಗಾಗಿ ಅನಿಲಗಳು ಉರಿಯದೆ ಹೋಗುವುದು. ಜನವರಿ–ಫೆಬ್ರವರಿಯಲ್ಲಿಯೇ ಕಡಿದು, ಮುಂಗೈ ಗಾತ್ರಕ್ಕೆ ಸೀಳಿ, ಬಿಸಿಲಿನಲ್ಲಿ ಒಣಗಿಸಿ, ಮೇ ತಿಂಗಳೊಳಗೆ ಸೌದೆ ಕೊಟ್ಟಿಗೆಯಲ್ಲಿ ನೆಲದಿಂದ ಎತ್ತರಿಸಿ ಪೇರಿಸಬೇಕು. ಒಂದು ತುಂಡಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿದರೆ, ತೂಕ ಇಳಿಯುವುದು ನಿಂತಾಗ ಸೌದೆ ಒಣಗಿದೆಯೆಂದು ತಿಳಿಯಬಹುದು. ಅಡಿಕೆ ಸಿಪ್ಪೆಯನ್ನು ಒಮ್ಮೆಲೇ ಸುರಿದರೆ ಅದು ಗಾಳಿಯ ದಾರಿ ಕಟ್ಟಿ ಹೊಗೆಯಾಡುತ್ತದೆ. ಹಿಡಿ ಹಿಡಿಯಾಗಿ ಹಾಕಬೇಕು. ಗೊಬ್ಬರದ ಪ್ಲಾಸ್ಟಿಕ್ ಚೀಲ, ಔಷಧಿ ಡಬ್ಬಿಗಳನ್ನು ಒಲೆಗೆ ಹಾಕಬಾರದು.

ಕೊಳವೆಯ ಪೋಷಣೆ

ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಕನಿಷ್ಠ 60 ಸೆಂ.ಮೀ. ಮೇಲಿರಬೇಕು. ಮಳೆಗೆ ಹಾಕುವ ತಗಡಿನ ಟೋಪಿಗೂ ಕೊಳವೆಯ ಬಾಯಿಗೂ ನಡುವೆ ಕೊಳವೆಯ ಅಡ್ಡಳತೆಯ ಅರ್ಧದಷ್ಟಾದರೂ ಅಂತರ ಬಿಡಬೇಕು. ತಗಡಿನ ಕೊಳವೆ ಮರದ ಜಂತೆ, ತೊಲೆಗಳಿಂದ 45 ಸೆಂ.ಮೀ. ದೂರವಿರಲಿ. ಹಸಿ ಸೌದೆ ಮತ್ತು ಮುಚ್ಚಿದ ಗಾಳಿಯಿಂದ ಕೊಳವೆಯೊಳಗೆ ಮಸಿ, ಡಾಂಬರಿನಂತಹ ಜಿಡ್ಡು ಕಟ್ಟಿ ಒಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ಮಳೆಗಾಲಕ್ಕೆ ಮೊದಲು ಒಮ್ಮೆ, ನಡುವೆ ಒಮ್ಮೆ, ಬಿದಿರಿಗೆ ಗೋಣಿ ಸುತ್ತಿ ಮಸಿ ತೆಗೆಯಬೇಕು. ಕೊಳವೆಗೆ ಬೆಂಕಿ ಹತ್ತಿದರೆ ಎಲ್ಲರೂ ಹೊರಬನ್ನಿ. ಬಾಯಿ ಮುಚ್ಚಲು ಸಾಧ್ಯವಿದ್ದರೆ ಮುಚ್ಚಿಯೇ ಹೊರಡಿ, ಕಾದ ಕೊಳವೆಗೆ ನೀರೆರಚಬೇಡಿ. ಒಲೆಯ ಬಾಯಿ ಮುಚ್ಚಬೇಕಾದ ಸಂದರ್ಭ ಇದೊಂದೇ.

ಅವಘಡ ಸಂಭವಿಸಿದರೆ

ಬಚ್ಚಲಿನಲ್ಲಿ ಯಾರಾದರೂ ಕುಸಿದಿದ್ದರೆ ಮೊದಲು ಬಾಗಿಲು ಕಿಟಕಿ ತೆರೆಯಿರಿ, ಉಸಿರು ಹಿಡಿದು ತಕ್ಷಣ ಅವರನ್ನು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಿ, ಒಲೆಯಿದ್ದ ಕೋಣೆಯಲ್ಲಿ ಬಿದ್ದುದೆಂದು ತಪ್ಪದೆ ಹೇಳಿ.

ವಿಸ್ತರಣಾ ಕಾರ್ಯಕರ್ತರು ಮೇ ತಿಂಗಳ ಭೇಟಿಗಳಲ್ಲಿ ಕೊಳೆರೋಗದ ಸಿಂಪರಣೆಯ ವಿಷಯ ತಿಳಿಸುವಾಗಲೇ ಬಚ್ಚಲ ಒಲೆಯನ್ನೂ ಒಮ್ಮೆ ನೋಡಿ, ಊದುಬತ್ತಿಯ ಪರೀಕ್ಷೆಯನ್ನು ಮಾಡಿ ತೋರಿಸುವುದು ಒಳ್ಳೆಯದು. ಉರಿಯ ಹದ ಸೌದೆಯ ಕೈಯಲ್ಲಿರಲಿ, ಗಾಳಿಯ ದಾರಿ ಸದಾ ತೆರೆದಿರಲಿ.