ತೋಮಸರ ನೆಲದಲ್ಲಿ ಒಂದು ಹಗಲು

ಚೆನ್ನೈ ನಗರದೊಳಗೆ ಪ್ರೇಷಿತ ಸಂತ ತೋಮಸರ ಹೆಸರಿನೊಡನೆ ಬೆಸೆದುಕೊಂಡ ಪುಣ್ಯಸ್ಥಳಗಳು ಮೂರು: ಸೈದಾಪೇಟೆಯ ಚಿನ್ನಮಲೈ, ತಮಿಳರು ಪರಂಗಿಮಲೈ ಎನ್ನುವ ದೊಡ್ಡ ಬೆಟ್ಟ ಹಾಗೂ ಮೈಲಾಪುರದ ಸಾಂತೋಮ್ ಮಹಾದೇವಾಲಯ. ವೇಳಾಂಕಣಿಗೆ ಹೊರಟ ನಮ್ಮ ಕುಟುಂಬಗಳು ಇವನ್ನು ಎರಡು ಗಂಟೆಗಳಲ್ಲಿ ನೋಡಿ ಮುಗಿಸುವುದೇ ವಾಡಿಕೆ. 2023ರ ಜುಲೈ ತಿಂಗಳಲ್ಲಿ ನಮ್ಮ ಧರ್ಮಕೇಂದ್ರದ ಯಾತ್ರಿಕರೊಡನೆ ಹೋದಾಗ ನಾವು ಇಡೀ ಹಗಲನ್ನು ಅವಕ್ಕೇ ಮೀಸಲಿಟ್ಟೆವು.

ಚಿನ್ನಮಲೈಯ ಗುಹೆಯಲ್ಲಿ ಪ್ರಾರ್ಥಿಸಿ, ಬಿಸಿಲೇರುವ ಮುನ್ನ ದೊಡ್ಡ ಬೆಟ್ಟದ ಬುಡ ಸೇರಿದೆವು. ಶಿಲುಬೆಹಾದಿಯ ಸ್ಥಳಗಳಲ್ಲಿ ನಿಂತು ನಿಂತು ಮೆಟ್ಟಿಲೇರುವಾಗ, ಮೀನಂಬಾಕಂಗೆ ಇಳಿಯುವ ವಿಮಾನಗಳ ಸದ್ದು ನಮ್ಮ ಪ್ರಾರ್ಥನೆಯನ್ನು ಆಗಾಗ ನುಂಗಿಹಾಕುತ್ತಿತ್ತು. ಪ್ರೇಷಿತರು ಈಟಿಯ ಇರಿತಕ್ಕೆ ಬಲಿಯಾದದ್ದು ಇಲ್ಲಿಯೇ ಎಂಬುದು ಪರಂಪರೆ. ಪೋರ್ಚುಗೀಸರು 1547ರಲ್ಲಿ ನೆಲ ಅಗೆಯುವಾಗ ದೊರೆತ ಕಲ್ಲಿನ ಶಿಲುಬೆಯು ಪೀಠದ ಮೇಲಿದೆ. ಅದು ರಕ್ತ ಸುರಿಸಿತೆಂಬ ಕಥೆಯನ್ನು ಎಲ್ಲರೂ ಬಲ್ಲರು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಅಂಚಿನ ಪಹ್ಲವಿ ಲಿಪಿ. ಪರ್ಷಿಯಾದೊಡನೆ ನಂಟಿದ್ದ ಕ್ರೈಸ್ತರು ಪೋರ್ಚುಗೀಸರಿಗಿಂತ ಎಷ್ಟೋ ಶತಮಾನಗಳ ಮೊದಲೇ ಇಲ್ಲಿ ಮೊಣಕಾಲೂರಿದ್ದರೆಂಬುದಕ್ಕೆ ಆ ಲಿಪಿಯೇ ಸಾಕ್ಷಿ.

"ಫಾದರ್, ತೋಮಸರು ನಿಜವಾಗಿ ಇಲ್ಲಿಗೆ ಬಂದಿದ್ದರೇ?" ಎಂದು ಗುಂಪಿನ ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ಆಕೆಯ ಅಜ್ಜಿ ಗದರಿಸಹೊರಟರು, ನಾವು ತಡೆದೆವು. ಸಂಶಯಪಟ್ಟ ಶಿಷ್ಯನನ್ನು ಪ್ರಭುವೇ ಗದರಿಸಿ ಅಟ್ಟಲಿಲ್ಲ, ಗಾಯಗಳನ್ನು ತೋರಿಸಿದರು. ಅವರ ಬೆಟ್ಟದ ಮೇಲೆ ಈ ಪ್ರಶ್ನೆಗೆ ಎಡೆಯಿಲ್ಲವಾದರೆ ಇನ್ನೆಲ್ಲಿದೆ? ಸಿರಿಯಾಕ್ ಭಾಷೆಯ 'ತೋಮಸರ ಕಾರ್ಯಗಳು' ಮೂರನೆಯ ಶತಮಾನದ್ದು. ಅದು ಹೆಸರಿಸುವ ಗೊಂಡೋಫರಿಸ್ ದೊರೆಯ ನಾಣ್ಯಗಳು ದೊರೆತಿವೆ, ಆದರೆ ವಾಯವ್ಯ ಭಾರತದ ಕಡೆಗೆ. ಮೈಲಾಪುರದ ಪರವಾಗಿ ನಿಲ್ಲುವುದು ಕೇರಳದ ಕ್ರೈಸ್ತರ ದೀರ್ಘ ಸ್ಮರಣೆ ಹಾಗೂ ಹದಿಮೂರನೆಯ ಶತಮಾನದ ಮಾರ್ಕೊ ಪೋಲೊನ ಬರಹ. ಪರಂಪರೆಯೂ ಸಾಕ್ಷ್ಯವೇ, ಗಣಿತದ ಸಿದ್ಧಾಂತದಂತಹ ಸಾಕ್ಷ್ಯವಲ್ಲ, ಅಷ್ಟೆ. ಇಷ್ಟನ್ನೂ ಆಕೆಗೆ ಹೇಳಿದೆವು.

ಸಾಂತೋಮ್‌ನ ಈಗಿನ ಬಿಳಿಯ ದೇವಾಲಯ 1896ರದು. ನೆಲಮಾಳಿಗೆಯ ಸಮಾಧಿಯ ಬಳಿ ಸಂಜೆಯ ಬಲಿಪೂಜೆ ಅರ್ಪಿಸಿದೆವು. ಪ್ರೇಷಿತರದೆಂದು ಪೂಜಿಸಲ್ಪಡುವ ಅಸ್ಥಿಗಳ ಬಹುಭಾಗ 1258ರಿಂದ ಇಟಲಿಯ ಓರ್ತೋನಾದಲ್ಲಿದೆ.

ದೇವಾಲಯದ ಹಿಂದೆ, ಕಡಲ ಕಡೆಗೆ, ತೋಮಸರು ನೆಟ್ಟರೆನ್ನುವ ಕಂಬವಿದೆ. 2004ರ ಡಿಸೆಂಬರ್ 26ರ ಸುನಾಮಿಯನ್ನು ತಡೆದದ್ದು ಅದೇ ಎಂದು ಭಕ್ತರು ಹೇಳುತ್ತಾರೆ. ನಮ್ಮ ಗುಂಪಿನಲ್ಲಿಯೂ ಹಲವರು ಶಿಲುಬೆಯ ಗುರುತು ಹಾಕಿಕೊಂಡರು. ಆದರೆ ಅಲ್ಲಿಂದ ದೂರವಿಲ್ಲದ ಶ್ರೀನಿವಾಸಪುರದ ಮೀನುಗಾರರ ಮನೆಗಳನ್ನು ಅಂದು ಅದೇ ಅಲೆ ಕೊಚ್ಚಿಕೊಂಡು ಹೋಯಿತು. ಕಂಬದ ಈಚೆಗಿನವರನ್ನು ಕಾಯ್ದ ದೇವರು ಆಚೆಗಿನ ತಾಯಂದಿರ ಕೂಗನ್ನು ಕೇಳಲಿಲ್ಲವೆಂದು ಹೇಳಲು ನಮ್ಮ ನಾಲಿಗೆ ಏಳದು. ಬದುಕುಳಿದವರ ಕೃತಜ್ಞತೆ ನ್ಯಾಯವಾದುದೇ. ಸತ್ತವರ ಮನೆಬಾಗಿಲಲ್ಲಿ ನಿಂತು ಹೇಳಲಾಗದ ಪವಾಡವನ್ನು ಮಾತ್ರ ನಾವು ಪ್ರವಚನದಲ್ಲಿ ಹೇಳಲಾರೆವು.

ಅಜ್ಜಿ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಬಳಿಕ ಎಲ್ಲರನ್ನೂ ಮರಳಿನ ಮೇಲೆ ಕೂರಿಸಿ, ಅಲೆಗೆ ಸಿಲುಕಿ ಮಡಿದವರಿಗಾಗಿ ಜಪಸರ ಮಾಡಿದೆವು. ಐದನೆಯ ರಹಸ್ಯವನ್ನು ಆ ಹುಡುಗಿಯೇ ಮುನ್ನಡೆಸಿದಳು.